ಕೃತಕ ದಂತಮೂಲದ ಸುತ್ತ ಉರಿಯೂತ ಮತ್ತು ಮೂಳೆಯ ನಷ್ಟ

ಹಲ್ಲು ಕಳೆದುಕೊಂಡವರ ದವಡೆಯ ಮೂಳೆಯಲ್ಲಿ ಟೈಟಾನಿಯಂ ತಿರುಪನ್ನು ನೆಟ್ಟು, ಅದರ ಮೇಲೆ ಕೃತಕ ಹಲ್ಲನ್ನು ಕೂಡಿಸುವ ಚಿಕಿತ್ಸೆಗೆ ಇಂಪ್ಲಾಂಟ್ ಎಂದು ಹೆಸರು. ಸ್ವೀಡನ್ನಿನ ವಿಜ್ಞಾನಿ ಬ್ರಾನೆಮಾರ್ಕ್ ಅವರು 1965ರಲ್ಲಿ ಮೊದಲ ರೋಗಿಗೆ ಇದನ್ನು ಅಳವಡಿಸಿದರು. ಇಂದು ಪುಣೆಯಂತಹ ನಗರಗಳಲ್ಲಿ ಇದು ಸಾಮಾನ್ಯವಾಗಿದೆ. ಲೋಹಕ್ಕೆ ಹುಳುಕು ಹಿಡಿಯುವುದಿಲ್ಲ, ನಿಜ. ಆದರೆ ಅದನ್ನು ಹಿಡಿದಿರುವ ವಸಡು ಮತ್ತು ಮೂಳೆಗೆ ರೋಗ ತಗಲಬಹುದು.

ರೋಗದ ಎರಡು ಹಂತಗಳು

ಹಲ್ಲಿನ ಬುಡದಲ್ಲಿ ಕಟ್ಟುವ ಪಾಚಿಯಲ್ಲಿ ಅಸಂಖ್ಯ ಸೂಕ್ಷ್ಮಜೀವಿಗಳಿರುತ್ತವೆ. ಇವುಗಳಿಂದ ಮೊದಲು ವಸಡು ಕೆಂಪಾಗಿ ಊದಿಕೊಳ್ಳುತ್ತದೆ. ಮುಟ್ಟಿದರೆ ರಕ್ತ ಒಸರುತ್ತದೆ. ಈ ಹಂತದಲ್ಲಿ ಮೂಳೆಗೆ ಹಾನಿಯಾಗಿರುವುದಿಲ್ಲ. ಸರಿಯಾದ ಶುಚಿತ್ವದಿಂದ ವಸಡು ಮೊದಲಿನಂತಾಗಬಲ್ಲದು. ನಿರ್ಲಕ್ಷಿಸಿದಲ್ಲಿ ಉರಿಯೂತವು ಆಳಕ್ಕಿಳಿದು ಮೂಳೆಯನ್ನು ಕರಗಿಸತೊಡಗುತ್ತದೆ. ಇದೇ ಪೆರಿ-ಇಂಪ್ಲಾಂಟೈಟಿಸ್. ಸಹಜ ಹಲ್ಲನ್ನು ಮೂಳೆಗೆ ಬಿಗಿಯುವ ನಾರುಗಳು ಇಂಪ್ಲಾಂಟಿಗೆ ಇಲ್ಲದಿರುವುದರಿಂದ ರೋಗವು ಹೆಚ್ಚು ವೇಗವಾಗಿ ಹರಡಬಹುದು. ಅನೇಕ ವೇಳೆ ನೋವೇ ಇರುವುದಿಲ್ಲವೆಂಬುದನ್ನು ಮುಖ್ಯವಾಗಿ ಗಮನಿಸಬೇಕು. ಇಂಪ್ಲಾಂಟ್ ಅಲುಗಾಡತೊಡಗಿದರೆ ಅದನ್ನು ಸಾಮಾನ್ಯವಾಗಿ ತೆಗೆಯಬೇಕಾಗುತ್ತದೆ.

ಯಾರಿಗೆ ಅಪಾಯ ಹೆಚ್ಚು?

ಹಿಂದೆ ವಸಡಿನ ರೋಗವಿದ್ದವರು, ಬಾಯಿಯ ಶುಚಿತ್ವವನ್ನು ಕಡೆಗಣಿಸುವವರು ಹಾಗೂ ನಿಯತ ತಪಾಸಣೆಗೆ ಹೋಗದವರು ವಿಶೇಷ ಎಚ್ಚರ ವಹಿಸಬೇಕು. ಧೂಮಪಾನ ಮತ್ತು ಹತೋಟಿಯಲ್ಲಿಲ್ಲದ ಮಧುಮೇಹವೂ ಅಪಾಯವನ್ನು ಹೆಚ್ಚಿಸಬಹುದು. ಮಹಾರಾಷ್ಟ್ರದಲ್ಲಿ ಹುರಿದ ತಂಬಾಕಿನ ಪುಡಿಯಾದ ಮಿಶ್ರಿಯಿಂದ ಹಲ್ಲುಜ್ಜುವ ರೂಢಿಯುಂಟು. ಇದು ಹಲ್ಲನ್ನು ಗಟ್ಟಿಗೊಳಿಸುತ್ತದೆಂಬುದು ತಪ್ಪು ಕಲ್ಪನೆ. ತಂಬಾಕು ವಸಡಿಗೂ ಬಾಯಿಗೂ ಹಾನಿಕರ.

ಚಿಕಿತ್ಸೆ

ವೈದ್ಯರು ಸಲಾಕೆಯಿಂದ ವಸಡಿನ ಆಳವನ್ನು ಅಳೆದು, ಎಕ್ಸ್-ರೇ ಚಿತ್ರವನ್ನು ಹಿಂದಿನ ಚಿತ್ರದೊಡನೆ ಹೋಲಿಸುತ್ತಾರೆ. ಆದುದರಿಂದ ಹಲ್ಲು ಕೂಡಿಸಿದಾಗ ತೆಗೆದ ಎಕ್ಸ್-ರೇಯನ್ನು ಜೋಪಾನವಾಗಿಡಬೇಕು. ಮೊದಲು ಪಾಚಿ ಹಾಗೂ ಗಾರೆಯನ್ನು ತೆಗೆದು ಶುಚಿಗೊಳಿಸಲಾಗುತ್ತದೆ. ಇದರಿಂದ ಗುಣವಾಗದಿದ್ದಲ್ಲಿ ಶಸ್ತ್ರಕ್ರಿಯೆಯಿಂದ ವಸಡನ್ನು ತೆರೆದು ಲೋಹದ ಮೇಲ್ಮೈಯನ್ನು ಸ್ವಚ್ಛಗೊಳಿಸುತ್ತಾರೆ. ಯೋಗ್ಯವೆನಿಸಿದಾಗ ಮೂಳೆ ಕಸಿಯನ್ನೂ ಮಾಡುತ್ತಾರೆ. ಆದರೂ ಕಳೆದುಹೋದ ಮೂಳೆ ಪೂರ್ತಿಯಾಗಿ ಮರಳುವ ಭರವಸೆಯಿಲ್ಲ. ಕೇವಲ ಮಾತ್ರೆಗಳಿಂದ ಈ ರೋಗ ವಾಸಿಯಾಗದು.

1989ರಲ್ಲಿ ಸ್ಥಾಪಿತವಾದ ಪುಣೆಯ ಭಾರತಿ ವಿದ್ಯಾಪೀಠ ದಂತ ಕಾಲೇಜೂ ಸೇರಿದಂತೆ ದಂತ ವೈದ್ಯಕೀಯ ಕಾಲೇಜುಗಳಲ್ಲಿ ವಸಡಿನ ರೋಗಗಳಿಗೆಂದೇ ಪ್ರತ್ಯೇಕ ವಿಭಾಗವಿರುತ್ತದೆ.

ದಿನಕ್ಕೆರಡು ಬಾರಿ ಮೃದುವಾದ ಬ್ರಷ್‌ನಿಂದ ಹಲ್ಲುಜ್ಜುವುದು, ಸಂದುಗಳನ್ನು ಸಣ್ಣ ಬ್ರಷ್‌ನಿಂದ ಶುಚಿಗೊಳಿಸುವುದು, ವೈದ್ಯರು ಸೂಚಿಸಿದ ಅವಧಿಗೆ ತಪ್ಪದೆ ತಪಾಸಣೆಗೆ ಹೋಗುವುದು ಅವಶ್ಯ. ವಸಡಿನಲ್ಲಿ ರಕ್ತ ಕಂಡರೆ ನೋವು ಬರಲೆಂದು ಕಾಯದೆ ದಂತವೈದ್ಯರನ್ನು ಕಾಣುವುದು ಒಳಿತು.