ಬಂದೂಕಿಗೆ ಮಾತ್ರ ಕಾಣುವ ಗಡಿ

ಬೀದರ್ ಜಿಲ್ಲೆಯ ಮನ್ನಳ್ಳಿ ದಾಟಿ ಜಹೀರಾಬಾದ್ ದಿಕ್ಕಿಗೆ ಹೊರಟವರಿಗೆ ಕರ್ನಾಟಕ ಮುಗಿದದ್ದು ಗೊತ್ತಾಗುವುದು ಅಂಗಡಿಗಳ ಬೋರ್ಡಿನಿಂದ. ಕನ್ನಡದ ಅಕ್ಷರಗಳ ತಲೆಕಟ್ಟು ತುಸು ಬದಲಾಗಿ ತೆಲುಗಾಗಿರುತ್ತದೆ, ಅಷ್ಟೇ. ಈಚೆಯ ಕೆಮ್ಮಣ್ಣೇ ಆಚೆಗೂ, ಈಚೆಯ ತೊಗರಿ, ಸೋಯಾ, ಕಬ್ಬೇ ಆಚೆಗೂ. ಮದುವೆಯ ದಿಬ್ಬಣ ದಾಟುತ್ತದೆ. ಸಂತೆಯ ಆಡು, ಕುರಿ ದಾಟುತ್ತವೆ. ಮೊಣಕಾಲು ನೋವೆಂದು ಹೈದರಾಬಾದಿನ ದವಾಖಾನೆಗೆ ಹೊರಟ ಅಜ್ಜಿ ಟಂಟಂ ಹತ್ತಿ, ಬಸ್ಸು ಹಿಡಿದು, ಕಣ್ಣು ಮುಚ್ಚಿ ತೆರೆಯುವುದರೊಳಗೆ ಬೇರೆ ರಾಜ್ಯದಲ್ಲಿರುತ್ತಾಳೆ. ಯಾರೂ ತಡೆದು ಕೇಳುವುದಿಲ್ಲ. ಈ ಸೀಮೆಯಲ್ಲಿ ಗಡಿ ಎನ್ನುವುದು ನಿಜವಾಗಿ ಇರುವುದು ಒಂದೇ ವಸ್ತುವಿಗೆ: ಬಂದೂಕಿಗೆ.

ಊರಿನ ಹಳೆಯ ಮನೆಯೊಂದರ ನಡುಮನೆಯಲ್ಲಿ, ಕಬ್ಬಿಣದ ಟ್ರಂಕಿನ ಹಿಂದೆ, ಕ್ಯಾನ್ವಾಸ್ ಚೀಲದಲ್ಲಿ ಅಂಥದೊಂದು ಮಲಗಿದೆ. ಮನೆಯ ಯಜಮಾನರನ್ನು ಓಣಿಯವರೆಲ್ಲ ಕಾಕಾ ಎನ್ನುತ್ತಾರೆ. ಚೀಲದಿಂದ ತೆಗೆದರೆ ಮೊದಲು ಮೂಗಿಗೆ ಬಡಿಯುವುದು ಎಣ್ಣೆಯ ವಾಸನೆ. ಎರಡು ನಳಿಗೆಯ 12 ಬೋರ್ ಅದು. ಒಂದು ಪೌಂಡ್ ಸೀಸದಲ್ಲಿ ಸಮನಾದ 12 ಗುಂಡು ಎರಕ ಹೊಯ್ದರೆ ಒಂದೊಂದು ಎಷ್ಟು ದಪ್ಪವೋ ಅಷ್ಟೇ ಇದರ ನಳಿಗೆಯ ಅಗಲ. ಹಿಡಿಕೆಯ ಕಟ್ಟಿಗೆ ಗಲ್ಲ ತಾಗುವಲ್ಲಿ ನುಣುಪಾಗಿ ಕಪ್ಪಾಗಿದೆ. ನಳಿಗೆಯ ಬುಡದಲ್ಲಿ ಕೊರೆದ ನಂಬರನ್ನು ಕಾಕಾ ಹೆಬ್ಬೆರಳಿನಿಂದ ಉಜ್ಜಿ ತೋರಿಸುತ್ತಾರೆ. "ಇದು ಅಪ್ಪನ ಕಾಲದ್ದು ನೋಡ್ರಿ. ಹೊಡಿದದ್ದು ಕಮ್ಮಿ, ಒರಿಸಿದ್ದೇ ಜಾಸ್ತಿ."

ಬಂದೂಕಿಗಿಂತ ಜೋಪಾನ ಅದರ ಲೈಸೆನ್ಸ್ ಬುಕ್ಕಿಗೆ. ಅದು ಪ್ಲಾಸ್ಟಿಕ್ ಚೀಲದಲ್ಲಿ, ಹೊಲದ ಪಹಣಿಯ ಜೊತೆಗೆ, ದೇವರ ಜಗುಲಿಯ ಕೆಳಗೆ ಇರುತ್ತದೆ. ಪುಟ ತಿರುವಿದರೆ ನವೀಕರಣದ ಮೊಹರುಗಳು ಒಂದರ ಮೇಲೊಂದು. ಕೆಲವು ನೇರಳೆ, ಕೆಲವು ಮಾಸಿ ಕಂದಾಗಿವೆ. ಯಾವ ಬಗೆಯ ಆಯುಧ, ಅದರ ನಂಬರ್ ಏನು, ಕಾರ್ತೂಸು ಎಷ್ಟು ಇಟ್ಟುಕೊಳ್ಳಬಹುದು, ಎಲ್ಲದಕ್ಕೂ ಒಂದೊಂದು ಕಾಲಂ. ಇನ್ನೊಂದು ಕಾಲಂ ಇದೆ: ಈ ಪರವಾನಗಿ ಎಲ್ಲಿಯವರೆಗೆ ನಡೆಯುತ್ತದೆ? ಕಾಕಾ ಅವರ ಬುಕ್ಕಿನಲ್ಲಿ ಅಲ್ಲಿ ಬರೆದಿರುವುದು ಕರ್ನಾಟಕ. ಅವರ ಹಿರಿಮಗಳನ್ನು ಕೊಟ್ಟಿರುವುದು ನ್ಯಾಲಕಲ್ ಕಡೆಗೆ, ತೆಲಂಗಾಣಕ್ಕೆ. ಬೀಗರಿಗೆ ಅಲ್ಲಿ ಕಬ್ಬಿದೆ, ಕಬ್ಬಿಗೆ ಹಂದಿಯ ಕಾಟವಿದೆ. "ಮಾಮಾ, ಒಂದಿನ ಬಂದೂಕ ತಗೊಂಡ್ ಬರ್ರಲಾ" ಎಂದು ಅಳಿಯ ಫೋನಿನಲ್ಲಿ ಹೇಳಿದಾಗೆಲ್ಲ ಕಾಕಾ ಈ ಕಾಲಮ್ಮನ್ನು ನೆನೆಸಿಕೊಂಡು ನಕ್ಕು ಸುಮ್ಮನಾಗುತ್ತಾರೆ.

ಈ ನ್ಯಾಲಕಲ್ ಒಂದು ಕಾಲಕ್ಕೆ ಬೀದರ್ ತಾಲ್ಲೂಕಿನದೇ ಒಂದು ಸರ್ಕಲ್ ಆಗಿತ್ತು. ನಿಜಾಮರ ಸಂಸ್ಥಾನದ ಬೀದರ್ ಜಿಲ್ಲೆಯೆಂದರೆ ಜಹೀರಾಬಾದ್, ನಾರಾಯಣಖೇಡ, ಉದಗೀರ, ನಿಲಂಗಾ, ಅಹಮದ್‌ಪುರ ಎಲ್ಲ ಸೇರಿದ ದೊಡ್ಡ ಸೀಮೆ. 1956ರ ನವೆಂಬರ್ 1ರಂದು ಭಾಷೆ ನೋಡಿ ರಾಜ್ಯಗಳನ್ನು ಬೇರೆ ಮಾಡಿದಾಗ ಅದು ಮೂರು ಪಾಲಾಯಿತು. ಉದಗೀರ, ನಿಲಂಗಾ, ಅಹಮದ್‌ಪುರ ಮುಂಬೈ ರಾಜ್ಯಕ್ಕೆ ಹೋದವು. ನಾರಾಯಣಖೇಡ ತಾಲ್ಲೂಕು, ನ್ಯಾಲಕಲ್ ಸರ್ಕಲ್, ನಿರ್ಣಾ ಸರ್ಕಲ್ಲೊಂದನ್ನು ಬಿಟ್ಟು ಉಳಿದ ಜಹೀರಾಬಾದ್ ತಾಲ್ಲೂಕು ಆಂಧ್ರಕ್ಕೆ. ಬೀದರ್, ಭಾಲ್ಕಿ, ಔರಾದ, ಹುಮನಾಬಾದ್ ಮೈಸೂರಿಗೆ. 2014ರ ಜೂನ್ 2ರಂದು ಆಚೆಯ ರಾಜ್ಯದ ಹೆಸರೂ ಬದಲಾಗಿ ತೆಲಂಗಾಣವಾಯಿತು. ಪಾಲಾದದ್ದು ಕಾಗದದಲ್ಲಿ. ಹೆಣ್ಣು ಕೊಡುವುದು, ತರುವುದು, ಮೈಲಾರ ಮಲ್ಲಣ್ಣನಿಗೆ ನಡೆದುಕೊಳ್ಳುವುದು, ಸಾಲ, ಬಡ್ಡಿ, ಎತ್ತಿನ ವ್ಯಾಪಾರ ಯಾವುದೂ ಪಾಲಾಗಲಿಲ್ಲ. ಔರಾದದ ಮನೆಗಳಲ್ಲಿ ಇವತ್ತಿಗೂ ಒಂದೇ ಊಟದ ಪಂಕ್ತಿಯಲ್ಲಿ ಕನ್ನಡ, ಮರಾಠಿ, ತೆಲುಗು, ದಖನಿ ನಾಲ್ಕೂ ಕೇಳುತ್ತವೆ. ಬಂದೂಕಿನ ಬುಕ್ಕು ಮಾತ್ರ 1956ರ ನಕ್ಷೆಯನ್ನು ಚಾಚೂತಪ್ಪದೆ ಪಾಲಿಸುತ್ತದೆ.

ಬುಕ್ಕಿಗೆ ಜೀವ ತುಂಬಿಸಲು ಬೀದರಿಗೆ ಹೋಗಬೇಕು. ಜಿಲ್ಲಾಧಿಕಾರಿಗಳೇ ಜಿಲ್ಲಾ ಮ್ಯಾಜಿಸ್ಟ್ರೇಟರಾಗಿ ಲೈಸೆನ್ಸ್ ಕೊಡುವವರು. ಜನರ ಬಾಯಲ್ಲಿ ಅದು ಡಿಸಿ ಆಫೀಸು. ಹೊರಗೆ ಬೇವಿನ ನೆರಳಿನಲ್ಲಿ ಅರ್ಜಿ ಬರೆದುಕೊಡುವವರು, ಜೆರಾಕ್ಸಿನವರು, ಚಹಾದ ಗಾಡಿ. ಬಂದೂಕಿನ ಕಾಗದ ಹಿಡಿದು ಬಂದವರನ್ನು ದೂರದಿಂದಲೇ ಗುರುತಿಸಬಹುದು. ಅವರಲ್ಲಿ ಬಹುಮಂದಿ ವಯಸ್ಸಾದವರು, ಬಿಳಿ ಧೋತರ, ಗಾಂಧಿ ಟೋಪಿ, ಕಂಕುಳಲ್ಲಿ ಗಟ್ಟಿಯಾಗಿ ಒತ್ತಿಹಿಡಿದ ಪ್ಲಾಸ್ಟಿಕ್ ಚೀಲ. ಇನ್ನುಳಿದವರು ಸೈನ್ಯದಿಂದ ನಿವೃತ್ತರಾಗಿ ಬ್ಯಾಂಕಿನ ಬಾಗಿಲಲ್ಲಿ ಗನ್‌ಮ್ಯಾನ್ ಆಗಿ ನಿಲ್ಲುವವರು. ಇವರ ನಡೆ ನೆಟ್ಟಗೆ, ಕಾಗದಗಳಿಗೆ ಕ್ಲಿಪ್ಪು. ಬಂದೂಕು ಅವರಿಗೆ ಅನ್ನದ ದಾರಿ. ಹೈದರಾಬಾದಿನಲ್ಲಿ ಸಂಬಳ ನಾಲ್ಕು ಕಾಸು ಹೆಚ್ಚು ಎಂದು ಗೊತ್ತಿದ್ದರೂ, ಬುಕ್ಕಿನಲ್ಲಿ ಆ ರಾಜ್ಯದ ಹೆಸರು ಸೇರದೆ ಕೆಲಸಕ್ಕೆ ಸೇರುವಂತಿಲ್ಲ.

ಒಳಗಿನ ಕೆಲಸದ ಬುಡದಲ್ಲಿರುವುದು 1959ರ ಶಸ್ತ್ರಾಸ್ತ್ರ ಕಾಯ್ದೆ ಮತ್ತು 2016ರ ನಿಯಮಗಳು. ಅರ್ಜಿ ಹಾಕಿದರೆ ಪೊಲೀಸರ ವರದಿ ಬರಬೇಕು, ಬಂದೂಕು ಸುರಕ್ಷಿತವಾಗಿ ಹಿಡಿಯುವ ತರಬೇತಿಯ ಪತ್ರ ಬೇಕು. ಮೊದಲು ಮೂರು ವರ್ಷಕ್ಕೊಮ್ಮೆ ಇದ್ದ ನವೀಕರಣ 2019ರ ತಿದ್ದುಪಡಿಯಿಂದ ಐದು ವರ್ಷಕ್ಕಾಯಿತು. ಅದೇ ತಿದ್ದುಪಡಿ ಒಬ್ಬರ ಹೆಸರಿನಲ್ಲಿ ಮೂರು ಇರಬಹುದಾಗಿದ್ದ ಬಂದೂಕನ್ನು ಎರಡಕ್ಕೆ ಇಳಿಸಿತು. ಈಗ ಪ್ರತಿ ಲೈಸೆನ್ಸಿಗೂ ಯುಐಎನ್ ಎಂಬ ಗುರುತಿನ ಸಂಖ್ಯೆಯಿದೆ, ಅದು ದೇಶದ ಎಲ್ಲ ಲೈಸೆನ್ಸುಗಳ ಕಂಪ್ಯೂಟರ್ ಪಟ್ಟಿಯಲ್ಲಿರುತ್ತದೆ. ನಾಕಾದಲ್ಲಿ ನಿಂತವರ ಎದುರು "ಬುಕ್ಕು ಮನ್ಯಾಗ ಬಿಟ್ಟ ಬಂದೀನ್ರಿ" ಎನ್ನುವ ನೆವ ಮೊದಲಿನಷ್ಟು ನಡೆಯುವುದಿಲ್ಲ.

ವ್ಯಾಪ್ತಿಯ ಕಾಲಮ್ಮಿಗೆ ಬಂದರೆ, ಜಿಲ್ಲೆ, ರಾಜ್ಯ, ಇಡೀ ದೇಶ ಎಂದು ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಇಡೀ ದೇಶದ ಪರವಾನಗಿಯನ್ನು ಊರಿನ ಕಟ್ಟೆಯಲ್ಲಿ 'ಆಲ್ ಇಂಡಿಯಾ' ಎನ್ನುತ್ತಾರೆ, ಹೇಳುವಾಗ ದನಿ ತುಸು ಏರುತ್ತದೆ. ಅದು ಸಂಸದರು, ಸೈನಿಕರು, ದೇಶದ ಯಾವ ಮೂಲೆಗಾದರೂ ವರ್ಗವಾಗುವ ಅಧಿಕಾರಿಗಳು, ಗುರಿ ಹೊಡೆಯುವ ಕ್ರೀಡಾಪಟುಗಳಂಥವರನ್ನು ಮನಸ್ಸಿನಲ್ಲಿಟ್ಟು ಮಾಡಿದ್ದು. ಉಳಿದವರು ಅದೇಕೆ ಬೇಕು ಎಂದು ಗಟ್ಟಿ ಕಾರಣ ಕೊಡಬೇಕು. ಕೊಟ್ಟ ವ್ಯಾಪ್ತಿ ಮೀರಿ ಒಯ್ದರೆ ಷರತ್ತು ಮುರಿದ ತಪ್ಪು. ಕಾಯ್ದೆಯ 30ನೇ ಕಲಮಿನಂತೆ ಅದಕ್ಕೆ ಆರು ತಿಂಗಳವರೆಗೆ ಜೈಲು, 2,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಜೊತೆಗೆ ಲೈಸೆನ್ಸ್ ಕಳೆದುಕೊಳ್ಳುವ ಭಯ ಬೇರೆ.

ಬೆಳೆ ಕಾಯುವ ಬಂದೂಕಿಗೆ ಬೇರೆಯದೇ ನಮೂನೆಯ ಲೈಸೆನ್ಸ್ ಇದೆ. ಅದರ ವ್ಯಾಪ್ತಿ ಇನ್ನೂ ಕಿರಿದು: ಹೇಳಿದ ಜಮೀನು, ಅದರ ಸುತ್ತು, ಅಷ್ಟೇ. ಮೇಲಾಗಿ ಬಂದೂಕಿಗೆ ಲೈಸೆನ್ಸ್ ಸಿಕ್ಕ ಮಾತ್ರಕ್ಕೆ ಹಂದಿ ಹೊಡೆಯಲು ಅಪ್ಪಣೆ ಸಿಕ್ಕಂತಲ್ಲ. ವನ್ಯಜೀವಿ ಕಾಯ್ದೆಯ ಪಟ್ಟಿಯಲ್ಲಿ ಕಾಡುಹಂದಿಯೂ ಇದೆ, ಅದಕ್ಕೆ ಅರಣ್ಯ ಇಲಾಖೆಯ ಅನುಮತಿ ಪ್ರತ್ಯೇಕ. ಬೀದರಿನ ಬಯಲಲ್ಲಿ ಹಿಂಡುಹಿಂಡಾಗಿ ಓಡುವ ಕೃಷ್ಣಮೃಗದ ಮಾತಂತೂ ಎತ್ತುವಂತೆಯೇ ಇಲ್ಲ. ಅದು ಒಂದನೇ ಪಟ್ಟಿಯ ಪ್ರಾಣಿ. ಹೀಗಾಗಿ ಮನ್ನಳ್ಳಿ ಕಡೆಯ ಹೊಲಗಳಲ್ಲಿ ರಾತ್ರಿ ಕೇಳುವುದು ಬಂದೂಕಿನ ಸದ್ದಲ್ಲ. ತಗಡಿನ ಡಬ್ಬಿ, ಪಟಾಕಿ, ನಾಯಿಯ ಬೊಗಳು, ಮಂಚಿಕೆಯ ಮೇಲೆ ಕೂತವನ ಕೂಗು. ಹಂದಿಯ ಹಿಂಡು ಕರ್ನಾಟಕದ ಕಬ್ಬು ಅರ್ಧ ಮುರಿದು, ಬೆದರಿ ಓಡಿ, ತೆಲಂಗಾಣದ ಕಬ್ಬಿನಲ್ಲಿ ಊಟ ಮುಗಿಸುತ್ತದೆ.

ಚುನಾವಣೆ ಬಂತೆಂದರೆ ಈ ಬಂದೂಕುಗಳು ಮನೆಯಿಂದಲೇ ಹೊರಡುತ್ತವೆ. ನೀತಿಸಂಹಿತೆ ಜಾರಿಯಾದ ಮೇಲೆ ಠಾಣೆಯಲ್ಲಿ ಠೇವಣಿ ಇಡಬೇಕೆಂದು ಆದೇಶ ಬರುತ್ತದೆ. ಠಾಣೆಯ ಮುಂದೆ ಚೀಲ ಹೊತ್ತ ಸಾಲು, ಪ್ರತಿ ಬಂದೂಕಿಗೆ ಒಂದು ಚೀಟಿ, ಆ ಚೀಟಿಯೂ ಮನೆಯ ಪ್ಲಾಸ್ಟಿಕ್ ಚೀಲ ಸೇರುತ್ತದೆ. 2023ರ ಮೇ 10ರಂದು ಕರ್ನಾಟಕ ವಿಧಾನಸಭೆಗೆ ಮತ ಹಾಕಿತು, ನವೆಂಬರ್ 30ರಂದು ತೆಲಂಗಾಣ. 2024ರ ಲೋಕಸಭೆಗೆ ಬೀದರ್ ಮೇ 7ರಂದು, ಪಕ್ಕದ ಜಹೀರಾಬಾದ್ ಮೇ 13ರಂದು. ಅದೇ ವರ್ಷ ನವೆಂಬರ್ 20ಕ್ಕೆ ಮಹಾರಾಷ್ಟ್ರ. ಮೂರು ರಾಜ್ಯದ ಅಂಚಿನಲ್ಲಿ ಬದುಕುವವರಿಗೆ ಒಂದಲ್ಲ ಒಂದು ಕಡೆಯ ಚೆಕ್‌ಪೋಸ್ಟ್ ಎದ್ದೇ ಇರುತ್ತದೆ. ಬ್ಯಾರಿಕೇಡು, ಶಾಮಿಯಾನ, ಡಿಕ್ಕಿ ತೆಗೆಸಿ ಟಾರ್ಚು ಹಾಕುವ ಪೊಲೀಸರು. ಅಂಥ ದಿನಗಳಲ್ಲಿ ಮಾತ್ರ ಮನುಷ್ಯರಿಗೂ ಗಡಿ ಕಾಣುತ್ತದೆ.

ಮದುವೆಯಲ್ಲಿ ಬಂದೂಕು ಹಾರಿಸುವ ಹಳೆಯ ಚಾಳಿಗೂ ಕಾಯ್ದೆ ಕೈ ಹಾಕಿದೆ. ಜೀವಕ್ಕೆ ಅಪಾಯವಾಗುವಂತೆ ಸಂಭ್ರಮಕ್ಕೆ ಗುಂಡು ಹಾರಿಸಿದರೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ ಎಂದು 2019ರ ತಿದ್ದುಪಡಿ ಹೇಳುತ್ತದೆ. "ಈಗ ಡಿಜೆ ಅದಲ್ರೀ, ಗುಂಡಿಗಿಂತ ಅದೇ ಜೋರು" ಎನ್ನುತ್ತಾರೆ ಕಾಕಾ.

ಎಲ್ಲ ಆಯುಧಕ್ಕೂ ಇಷ್ಟೇ ಕಟ್ಟುನಿಟ್ಟು ಎಂದುಕೊಳ್ಳಬೇಕಿಲ್ಲ. ಬೀದರಿನ ನಾನಕ್ ಝೀರಾ ಗುರುದ್ವಾರದ ಎದುರು ನಿಂತರೆ ನಾಂದೇಡದಿಂದ, ಪಂಜಾಬಿನಿಂದ ಬಂದ ಸಿಖ್ ಯಾತ್ರಿಕರು ಬಸ್ಸಿಳಿಯುತ್ತಾರೆ, ಸೊಂಟದಲ್ಲಿ ಕಿರ್ಪಾಣ. ಹಲವು ರಾಜ್ಯ ದಾಟಿ ಬಂದ ಆ ಅಲಗಿಗೆ ಸಂವಿಧಾನದ 25ನೇ ವಿಧಿಯ ವಿವರಣೆಯೇ ರಕ್ಷೆ. ನಮ್ಮದೇ ರಾಜ್ಯದ ಇನ್ನೊಂದು ತುದಿಯ ಕೊಡಗಿನಲ್ಲಿ ಕೊಡವರಿಗೆ, ಜಮ್ಮಾ ಹಿಡುವಳಿದಾರರಿಗೆ ಲೈಸೆನ್ಸಿನಿಂದಲೇ ವಿನಾಯಿತಿ. ಬ್ರಿಟಿಷರ ಕಾಲದ ಆ ರಿಯಾಯಿತಿಯನ್ನು 2019ರಲ್ಲಿ ಕೇಂದ್ರ ಸರ್ಕಾರ ಮತ್ತೆ ಹತ್ತು ವರ್ಷಕ್ಕೆ ಮುಂದುವರಿಸಿತು, 2021ರಲ್ಲಿ ರಾಜ್ಯ ಹೈಕೋರ್ಟು ಎತ್ತಿಹಿಡಿಯಿತು. ಅಲ್ಲಿ ಮಗು ಹುಟ್ಟಿದರೆ ಗುಂಡು ಹಾರುತ್ತದೆ, ಕೈಲ್‌ಪೊಳ್ದ್ ಹಬ್ಬದಲ್ಲಿ ಬಂದೂಕಿಗೆ ಪೂಜೆ. ಮನ್ನಳ್ಳಿಯ ಕಾಕಾಗೆ ಇದನ್ನು ಹೇಳಿದರೆ ಹುಬ್ಬೇರಿಸುತ್ತಾರೆ. ಆದರೆ ಅಸೂಯೆಪಡುವುದಿಲ್ಲ. ಇಲ್ಲಿಯವರಿಗೆ ಬಂದೂಕೆಂದರೆ ಬೇರೆಯ ನೆನಪು.

ಆ ನೆನಪು 1948ರದು. ಮೇ ತಿಂಗಳಲ್ಲಿ ರಜಾಕಾರರು ಗೋರ್ಟಾದಲ್ಲಿ ನಡೆಸಿದ ಕಗ್ಗೊಲೆಯನ್ನು ಈ ಜಿಲ್ಲೆ ಮರೆತಿಲ್ಲ. ಅದೇ ವರ್ಷ ಸಿಡ್ನಿ ಕಾಟನ್ ಎಂಬ ಆಸ್ಟ್ರೇಲಿಯಾದ ವಿಮಾನಿ ಕರಾಚಿಯಿಂದ ರಾತ್ರೋರಾತ್ರಿ ವಿಮಾನದಲ್ಲಿ ಬಂದೂಕು, ಮದ್ದುಗುಂಡು ತುಂಬಿಕೊಂಡು ಭಾರತದ ನೆತ್ತಿಯ ಮೇಲಿಂದ ಹಾರಿ ನಿಜಾಮರ ಸಂಸ್ಥಾನಕ್ಕೆ ತಂದಿಳಿಸುತ್ತಿದ್ದ. ಇಳಿಯುತ್ತಿದ್ದ ನೆಲಗಳಲ್ಲಿ ಬೀದರೂ ಒಂದು. ಆಮೇಲೆ ಲಂಡನ್ನಿನ ಕೋರ್ಟಿನಲ್ಲಿ ಅವನಿಗೆ ಆದದ್ದು 200 ಪೌಂಡ್ ದಂಡ. ಸೆಪ್ಟೆಂಬರ್ 13ರಂದು ಸೊಲ್ಲಾಪುರದ ಕಡೆಯಿಂದ ಹೊರಟ ಭಾರತದ ಸೈನ್ಯ 17ರ ನಸುಕಿಗೆ ಬೀದರ್ ಹೊಕ್ಕಿತು, ಅಲ್ಲಿಗೆ ಸಂಸ್ಥಾನದ ಗಡಿಯೇ ಇಲ್ಲವಾಯಿತು.

ಗಡಿಯನ್ನು ಲೆಕ್ಕಿಸದ ಬಂದೂಕು ಆಮೇಲೂ ಬಂದಿದೆ. 2025ರ ಜನವರಿ 16ರಂದು ಬೀದರಿನ ನಡುಪೇಟೆಯಲ್ಲಿ, ಹಾಡಹಗಲೇ, ಬೈಕಿನಲ್ಲಿ ಬಂದ ಇಬ್ಬರು ಎಟಿಎಮ್ಮಿಗೆ ಹಣ ತಂದವರ ಮೇಲೆ ಗುಂಡು ಹಾರಿಸಿ, ಒಬ್ಬರನ್ನು ಕೊಂದು, ಹಣದ ಪೆಟ್ಟಿಗೆ ಎತ್ತಿಕೊಂಡು ಹೋದರು. ಅಂದು ಸಂಜೆಗೆ ಹೈದರಾಬಾದಿನ ಅಫ್ಜಲ್‌ಗಂಜ್‌ನಲ್ಲಿ ಮತ್ತೆ ಗುಂಡಿನ ಸದ್ದು. ಅವರ ಬಂದೂಕಿಗೆ ಬುಕ್ಕೂ ಇಲ್ಲ, ಕಾಲಮ್ಮೂ ಇಲ್ಲ. "ಕಳ್ಳಗ ಇಲ್ಲದ ಕಾನೂನು ನಮಗ್ಯಾಕ?" ಎಂಬ ಮಾತು ಆ ವಾರ ಚಹಾದಂಗಡಿಗಳಲ್ಲಿ ಕೇಳಿಬಂತು. ಮಾತಿನಲ್ಲಿ ಸಿಟ್ಟಿದೆ, ತರ್ಕ ಕಮ್ಮಿ. ಬುಕ್ಕಿರುವವರ ಬಂದೂಕು ಯಾರದು, ಎಲ್ಲಿದೆ ಎಂದು ಗೊತ್ತಿದ್ದರೇ ಬುಕ್ಕಿಲ್ಲದ ಬಂದೂಕನ್ನು ಹುಡುಕಲು ಬರುವುದು.

ಈ ಸಲದ ನವೀಕರಣಕ್ಕೆ ಕಾಕಾ ಮಗನನ್ನು ಕೂಡಿಸಿಕೊಂಡು ಅರ್ಜಿ ತುಂಬಿಸಿದರು. ವ್ಯಾಪ್ತಿಯ ಕಾಲಮ್ಮಿಗೆ ಬಂದಾಗ ಮಗ ಪೆನ್ನು ನಿಲ್ಲಿಸಿ ಕೇಳಿದ, "ಅಪ್ಪಾ, ತೆಲಂಗಾಣಾನೂ ಸೇರ್ಸಿ ಕೇಳಾಮೇನು? ಅಕ್ಕನ ಊರಿಗಿ ಒಯ್ಲಾಕ ಬರ್ತದ." ಕಾರಣ ಬರೆಯಲು ಜಾಗವಿತ್ತು. ಜೀವಭಯವಿಲ್ಲ, ಗನ್‌ಮ್ಯಾನ್ ನೌಕರಿಯಿಲ್ಲ, ಶೂಟಿಂಗ್ ಕ್ಲಬ್ಬಿಲ್ಲ, ಆಚೆ ಸ್ವಂತ ಹೊಲವೂ ಇಲ್ಲ. ಇರುವುದು ಬೀಗತನವೊಂದೇ. ಕಾಕಾ ಚಷ್ಮಾ ತೆಗೆದು ಒರೆಸಿಕೊಂಡರು. "ಕರ್ನಾಟಕ ಅಂತೇ ಬರಿ. ಮಗಳ ಮನಿಗಿ ಹೋಗ್ಲಾಕ ಬಂದೂಕ ಯಾಕ ಬೇಕು? ಒಂದ್ ಕಿಲೋ ಪೇಡೆ ಒಯ್ದರ ಸಾಕು. ಹಂದಿ ಕಾಟ ಇದ್ದರ ಅವರೇ ಅವರ ಡಿಸಿ ಸಾಹೇಬರಿಗಿ ಅರ್ಜಿ ಕೊಡಲಿ."