ಸಹಪ್ರಯಾಣದ ವೆಚ್ಚ ಮತ್ತು ನ್ಯಾಯವಾದ ಪಾಲು

ಮೈಸೂರಿನ ಜಯಲಕ್ಷ್ಮಿಪುರಂ ಬಡಾವಣೆಯಲ್ಲಿ ಉದ್ಯೋಗ, ವ್ಯಾಸಂಗ, ವೈದ್ಯೋಪಚಾರ, ಬಂಧುತ್ವ ಇವುಗಳಲ್ಲಿ ಒಂದಲ್ಲ ಒಂದು ನಿಮಿತ್ತದಿಂದ ಬೆಂಗಳೂರಿಗೆ ಹೋಗಿಬರತಕ್ಕ ಮನೆಗಳು ಅನೇಕವಿವೆ. 2023ನೆಯ ಮಾರ್ಚ್ 12ರಂದು ಮಂಡ್ಯದಲ್ಲಿ ಲೋಕಾರ್ಪಣೆಗೊಂಡ ದಶಪಥ ಹೆದ್ದಾರಿಯಿಂದ ಪ್ರಯಾಣಕಾಲವು ತಗ್ಗಿದ ಮೇಲಂತೂ, ನೆರೆಹೊರೆಯ ಮೂವರು ನಾಲ್ವರು ಒಂದೇ ಕಾರಿನಲ್ಲಿ ಹೊರಡುವುದು ಸಹಜವಾದ ಏರ್ಪಾಡೇ ಆಗಿದೆ. ಆದರೆ ಇಳಿಯುವ ಹೊತ್ತಿಗೆ ಒಬ್ಬರು "ಎಷ್ಟು ಕೊಡಲಿ ಸಾರ್?" ಎಂದರೆ, ಕಾರಿನವರು "ಅಯ್ಯೋ, ಇರಲಿ ಬಿಡಿ, ಆಮೇಲೆ ನೋಡಿಕೊಳ್ಳೋಣ" ಎನ್ನುತ್ತಾರೆ. ಆ 'ಆಮೇಲೆ' ಬರುವುದೇ ಇಲ್ಲ. ದಾಕ್ಷಿಣ್ಯದಿಂದ ನುಂಗಿಕೊಂಡ ವೆಚ್ಚವು ಕಾಲಕ್ರಮದಲ್ಲಿ ಅಸಮಾಧಾನವಾಗಿ, ಕಡೆಗೆ ಜತೆಗೆ ಕರೆಯುವ ಅಭ್ಯಾಸವೇ ನಿಂತುಹೋಗುವುದನ್ನು ಕಂಡಾಗ, ಈ ಲೆಕ್ಕವನ್ನು ಮೊದಲೇ ಮಾತನಾಡಿಕೊಳ್ಳುವುದೇ ಸ್ನೇಹಕ್ಕೆ ಹಿತವೆಂದು ನನಗೆ ದೃಢವಾಗಿ ತೋರುತ್ತದೆ.

ಪ್ರಥಮತಃ ಯಾವುದು ಹಂಚತಕ್ಕ ವೆಚ್ಚ? ಪೆಟ್ರೋಲು, ಟೋಲ್, ನಿಲುಗಡೆಯ ಶುಲ್ಕ ಇವುಗಳ ವಿಷಯದಲ್ಲಿ ವಿವಾದವಿಲ್ಲ. ಓಡಿದಷ್ಟೂ ಸವೆಯುವ ಟೈರು, ಆಯಿಲ್, ಸರ್ವೀಸ್ ಇವುಗಳನ್ನೂ ಸೇರಿಸುವುದೇ ನ್ಯಾಯ. ಆದರೆ ಕಾರಿನ ಸಾಲದ ಕಂತು ಮತ್ತು ವಿಮೆಯ ವಾರ್ಷಿಕ ಹಣ, ಕಾರು ಮನೆಯ ಮುಂದೆ ನಿಂತಿದ್ದರೂ ತೆರಲೇಬೇಕಾದುವಾದ್ದರಿಂದ, ಅವು ಕಾರಿನವರ ಪಾಲಿಗೇ ಇರತಕ್ಕದ್ದು.

ಮುಂದಿನದು ಹಂಚುವ ಕ್ರಮ. ಮೈಸೂರಿನಿಂದ ಮಂಡ್ಯಕ್ಕೆ ಸುಮಾರು 45, ಅಲ್ಲಿಂದ ರಾಮನಗರಕ್ಕೆ 50, ಅಲ್ಲಿಂದ ಬೆಂಗಳೂರಿಗೆ ಮತ್ತೆ 50 ಕಿಲೋಮೀಟರ್ ಎಂದಿಟ್ಟುಕೊಳ್ಳೋಣ. ಇಂಧನವೂ ಸವೆತವೂ ಸೇರಿ ಕಿಲೋಮೀಟರಿಗೆ 12 ರೂಪಾಯಿ ಎಂದು ಭಾವಿಸಿದರೆ ಒಟ್ಟು ವೆಚ್ಚ 1,740 ರೂಪಾಯಿ. ಕಾರಿನವರೂ ಸೇರಿ ನಾಲ್ವರಿದ್ದು, ಒಬ್ಬರು ಮಂಡ್ಯದಲ್ಲಿಯೂ ಒಬ್ಬರು ರಾಮನಗರದಲ್ಲಿಯೂ ಇಳಿಯುವವರಾದರೆ, ತಲೆಗೆ 435ರಂತೆ ಹಂಚುವುದು ಸುಲಭವೇನೋ ಹೌದು. ಆದರೆ ಮಂಡ್ಯದವರಿಗೆ ಅದು ಅನ್ಯಾಯ. ದಾರಿಯನ್ನು ಮೂರು ಖಂಡಗಳಾಗಿ ಭಾಗಿಸಿ, ಆಯಾ ಖಂಡದ ವೆಚ್ಚವನ್ನು ಆ ಖಂಡದಲ್ಲಿ ಕುಳಿತಿದ್ದವರಿಗೆ ಮಾತ್ರ ಸಮನಾಗಿ ಹಂಚಿದರೆ, ಮಂಡ್ಯದವರು 135, ರಾಮನಗರದವರು 335, ಬೆಂಗಳೂರನ್ನು ಮುಟ್ಟುವ ಇಬ್ಬರು ತಲಾ 635 ರೂಪಾಯಿ ಹೊರುತ್ತಾರೆ. ಅಮೆರಿಕದ ಗಣಿತಜ್ಞ ಲಾಯ್ಡ್ ಶಾಪ್ಲಿ 1953ರಲ್ಲಿ ನಿರೂಪಿಸಿದ ಪಾಲುದಾರಿಕೆಯ ತತ್ತ್ವವನ್ನು ಅನ್ವಯಿಸಿದರೂ ಉತ್ತರವು ಇದೇ ಆಗುತ್ತದೆ. 1973ರಲ್ಲಿ ಲಿಟಲ್‌ಚೈಲ್ಡ್ ಮತ್ತು ಓವೆನ್ ಎಂಬ ವಿದ್ವಾಂಸರು ಅದೇ ತತ್ತ್ವವನ್ನು ವಿಮಾನ ನಿಲ್ದಾಣಕ್ಕೆ ಹೊಂದಿಸಿ, ದೊಡ್ಡ ವಿಮಾನಕ್ಕೆ ಮಾತ್ರ ಬೇಕಾಗುವ ರನ್‌ವೇಯ ಹೆಚ್ಚುವರಿ ಉದ್ದದ ವೆಚ್ಚವನ್ನು ಸಣ್ಣ ವಿಮಾನಗಳು ಹೊರಬೇಕಾಗಿಲ್ಲವೆಂದು ತೋರಿಸಿದರು.

ಟೋಲಿಗೂ ಇದೇ ನಿಯಮ. ಶ್ರೀರಂಗಪಟ್ಟಣದ ಬಳಿಯ ಗಣಂಗೂರಿನಲ್ಲಿ ಕಟ್ಟುವ ಹಣ ನಾಲ್ವರಿಗೂ ಸೇರಿದ್ದು; ಬಿಡದಿಯಾಚೆ ಕಟ್ಟುವುದು ಉಳಿದ ಇಬ್ಬರದು. ಫಾಸ್ಟ್ಯಾಗ್ ಬಂದಂದಿನಿಂದ ಈ ಹಣವು ಯಾರ ಕಣ್ಣಿಗೂ ಬೀಳದೆ ಕಾರಿನವರ ಖಾತೆಯಿಂದ ಕಡಿತವಾಗುವುದರಿಂದ, ಸಹಪ್ರಯಾಣಿಕರು ಅದನ್ನು ಮರೆಯುವುದು ಹೆಚ್ಚು.

ನಿತ್ಯವೂ ಮೈಸೂರಿನ ಹೆಬ್ಬಾಳದ ಕೈಗಾರಿಕಾ ಪ್ರದೇಶಕ್ಕೆ ಒಟ್ಟಿಗೆ ಹೋಗುವ, ಎಲ್ಲರ ಬಳಿಯೂ ಕಾರುಳ್ಳ ಗೆಳೆಯರಿಗೆ ಹಣದ ವ್ಯವಹಾರವೇ ಬೇಕಾಗಿಲ್ಲ, ಸರದಿ ಸಾಕು. ಆದರೆ ಒಬ್ಬರು ರಜೆ, ಇನ್ನೊಬ್ಬರು ಪರಸ್ಥಳ ಎಂದು ದಿನದಿನಕ್ಕೂ ಸಂಖ್ಯೆ ವ್ಯತ್ಯಾಸವಾಗುವುದರಿಂದ ಸರದಿ ಕೆಡುತ್ತದೆ. ಇದಕ್ಕೆ ಐಬಿಎಂ ಸಂಸ್ಥೆಯ ರೊನಾಲ್ಡ್ ಫೇಗಿನ್ ಮತ್ತು ಜಾನ್ ವಿಲಿಯಮ್ಸ್ 1983ರಲ್ಲಿ ಸೂಚಿಸಿದ ಉಪಾಯವು ಅತ್ಯಂತ ಸರಳವಾದುದು: ನಾಲ್ವರು ಹೋದ ದಿನ ಕಾರು ತಂದವರ ಲೆಕ್ಕಕ್ಕೆ ಮುಕ್ಕಾಲು ಜಮೆ, ಉಳಿದ ಮೂವರಿಗೂ ತಲಾ ಕಾಲು ಖರ್ಚು, ಇಬ್ಬರೇ ಹೋದ ದಿನ ತಂದವರಿಗೆ ಅರ್ಧ ಜಮೆ, ಇನ್ನೊಬ್ಬರಿಗೆ ಅರ್ಧ ಖರ್ಚು. ಹೊರಡುವವರ ಪೈಕಿ ಯಾರ ಬಾಕಿ ಹೆಚ್ಚೋ ಮರುದಿನ ಅವರೇ ಕಾರು ತೆಗೆಯತಕ್ಕದ್ದು. ಒಂದು ಹಾಳೆಯಲ್ಲಿ ಬರೆದಿಟ್ಟುಕೊಂಡರೂ ಸಾಲುವಷ್ಟು ಹಗುರವಾದ ಲೆಕ್ಕವಿದು.

ಕಾರಿನವರು ತಮ್ಮ ಆಸನಕ್ಕೂ ಪಾಲು ಹಾಕಿಕೊಳ್ಳಬೇಕೆಂದು ನಾನು ಒತ್ತಿ ಹೇಳುವುದಕ್ಕೆ, ಔದಾರ್ಯಕ್ಕಿಂತ ಭಿನ್ನವಾದ ಕಾರಣವೂ ಉಂಟು. 1988ರ ಮೋಟಾರು ವಾಹನ ಕಾಯಿದೆಯ ಪ್ರಕಾರ ಬಾಡಿಗೆಗೆ ಜನರನ್ನು ಒಯ್ಯುವ ವಾಹನಕ್ಕೆ ಪರ್ಮಿಟ್ ಬೇಕು, ಹಳದಿ ಫಲಕ ಬೇಕು. 2023ರಲ್ಲಿ ಬೆಂಗಳೂರಿನಲ್ಲಿ ಬಿಳಿ ಫಲಕದ ಕಾರುಗಳ ಹಂಚಿಕೆಯ ಆ್ಯಪ್‌ಗಳ ಬಗೆಗೆ ಎದ್ದ ವಿವಾದವೂ ಈ ಅಂಶವನ್ನು ಕುರಿತದ್ದೇ. ಖಾಸಗಿ ಕಾರಿನ ವಿಮೆಯೂ ಸಾಮಾನ್ಯವಾಗಿ ಬಾಡಿಗೆಯ ಓಡಾಟವನ್ನು ಒಳಗೊಳ್ಳುವುದಿಲ್ಲ. ಆದಕಾರಣ, ಕಾರುಳ್ಳ ವಾಚಕರು ಪರಿಚಿತರೊಡನೆ ಹೊರಡುವ ಮುನ್ನವೇ ಕಿಲೋಮೀಟರಿನ ದರವನ್ನು ತಿಳಿಸಿ, ತಮ್ಮನ್ನೂ ಒಬ್ಬ ಪಾಲುದಾರರೆಂದು ಎಣಿಸಿಕೊಂಡು, ಆದ ವೆಚ್ಚಕ್ಕಿಂತ ಒಂದು ರೂಪಾಯಿಯನ್ನೂ ಹೆಚ್ಚಾಗಿ ಪಡೆಯದಿರಲಿ. ಜತೆಗೆ ಹೋಗುವವರು ಕೇಳಿಸಿಕೊಳ್ಳುವ ತನಕ ಕಾಯದೆ, ಇಳಿಯುವ ಮೊದಲೇ ತಮ್ಮ ಪಾಲನ್ನು ಸಲ್ಲಿಸಲಿ.