ಕುದುರೆಮುಖದ ಚಾರಣ: ಶುಲ್ಕ ಎಷ್ಟು, ಯಾತಕ್ಕೆ?

2024ರ ಜನವರಿಯ ವಾರಾಂತ್ಯವೊಂದರಲ್ಲಿ ಕುಮಾರ ಪರ್ವತದ ದಾರಿಯಲ್ಲಿ ಜನಜಂಗುಳಿ ಉಂಟಾದ ಮೇಲೆ ರಾಜ್ಯದ ಚಾರಣಪಥಗಳಿಗೆ ಆನ್‌ಲೈನ್ ಬುಕಿಂಗ್ ಮತ್ತು ದಿನದ ಮಿತಿ ಬಂದವು. ಜನರ ಸಂಖ್ಯೆಗೆ ಲೆಕ್ಕ ಸಿಕ್ಕಿತು. ಬೆಟ್ಟ ಉಳಿಸುವ ಖರ್ಚನ್ನು ಯಾರು ಹೊರಬೇಕು ಎಂಬ ಪ್ರಶ್ನೆ ಹಾಗೆಯೇ ಉಳಿಯಿತು.

ಗಣಿ ನಿಂತ ಮೇಲೆ

ಕುದುರೆಮುಖ 1987ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ವ್ಯಾಪ್ತಿ ಸುಮಾರು 600 ಚದರ ಕಿ.ಮೀ. ತುಂಗಾ, ಭದ್ರಾ, ನೇತ್ರಾವತಿ ಹುಟ್ಟುವುದು ಇಲ್ಲಿಯೇ. ನ್ಯಾಯಾಲಯದ ಆದೇಶದಂತೆ 2005ರ ಕೊನೆಗೆ ಕಬ್ಬಿಣದ ಅದಿರಿನ ಗಣಿಗಾರಿಕೆ ನಿಂತಿತು. ಈಗ ಈ ಬೆಟ್ಟಗಳ ಮೇಲಿನ ಒತ್ತಡ ಕಾಲ್ನಡಿಗೆಯಲ್ಲಿ ಬರುತ್ತಿದೆ. ಮುಳ್ಳೋಡಿಯಿಂದ ಶಿಖರಕ್ಕೆ ಏರುವ ಕಾಲುದಾರಿ ಮಳೆಗಾಲದಲ್ಲಿ ಕೆಸರಾಗುತ್ತದೆ. ಜಾರುವ ಭಯಕ್ಕೆ ಒಬ್ಬರು ಪಕ್ಕದ ಹುಲ್ಲಿನ ಮೇಲೆ ಕಾಲಿಡುತ್ತಾರೆ, ಹಿಂದೆ ಬಂದವರು ಇನ್ನೂ ಆಚೆಗೆ ಸರಿಯುತ್ತಾರೆ. ಬೇರು ಸಡಿಲವಾದಲ್ಲಿ ನೀರು ಹರಿದು ಕೊರಕಲು ಬೀಳುತ್ತದೆ. ತೆಳುಮಣ್ಣಿನ ಈ ಹುಲ್ಲುಗಾವಲೂ ಕಣಿವೆಯ ಶೋಲಾ ಕಾಡೂ ಮಳೆನೀರನ್ನು ಹಿಡಿದಿಟ್ಟು ಬೇಸಿಗೆಗೂ ಹೊಳೆಗಳಿಗೆ ಬಿಡುತ್ತವೆ. ಹಾಗಾಗಿ ಕೊರಕಲಿನ ಪರಿಣಾಮ ಕೆಳಗಿನ ಬಯಲಿಗೂ ತಟ್ಟುತ್ತದೆ.

ಕೊಡುವ ಮನಸ್ಸು

ಪ್ರಕೃತಿಗಾಗಿ ಹೆಚ್ಚು ಕೊಡುವಿರಾ ಎಂದು ಕೇಳಿದರೆ ಬಹುತೇಕರು ಹೂಂ ಎನ್ನುತ್ತಾರೆ. ಹಾಗೆನ್ನಲು ಖರ್ಚಿಲ್ಲ, ಆದ್ದರಿಂದಲೇ ಇಂಥ ಸಮೀಕ್ಷೆಗಳ ಅಂಕಿಯನ್ನು ತುಸು ತಗ್ಗಿಸಿ ಓದಬೇಕು. ಆದರೂ ಬೆಂಗಳೂರಿನಿಂದ ಬರುವವರ ಬಸ್ಸು, ಜೀಪು, ಹೋಂಸ್ಟೇ ಖರ್ಚು ಸೇರಿಸಿದರೆ ಪ್ರವೇಶ ಶುಲ್ಕ ಅದರ ಸಣ್ಣ ಪಾಲು. ಏರಿಸಲು ಅವಕಾಶವಿದೆ. ಎದುರು ವಾದವೂ ಹಗುರವಲ್ಲ: ಏರಿದ ಶುಲ್ಕ ಮೊದಲು ತಡೆಯುವುದು ವಿದ್ಯಾರ್ಥಿಗಳನ್ನು, ಸುತ್ತಲಿನ ಊರುಗಳ ಬಡವರನ್ನು. ಸಾರ್ವಜನಿಕ ಕಾಡು ಹಣವಿದ್ದವರ ಬಿಡಾರವಾಗಬಾರದು. ಶುಲ್ಕಕ್ಕೆ ಮಾರುಕಟ್ಟೆಯ ಮಿತಿಯೂ ಇದೆ. ಭೂತಾನ್ 2022ರಲ್ಲಿ ಭಾರತೀಯರನ್ನು ಬಿಟ್ಟು ಉಳಿದ ವಿದೇಶಿ ಪ್ರವಾಸಿಗರ ಶುಲ್ಕವನ್ನು ರಾತ್ರಿಗೆ 200 ಡಾಲರ್‌ಗೆ ಏರಿಸಿ, ಮರುವರ್ಷವೇ 100ಕ್ಕೆ ಇಳಿಸಿತು.

ಹಣ ಹೋಗುವ ದಾರಿ

ಕೊಟ್ಟ ಹಣ ಅದೇ ಬೆಟ್ಟಕ್ಕೆ ಹೋಗುತ್ತದೆಂಬ ನಂಬಿಕೆ ಮೂಡಿದಲ್ಲಿ ಜನರ ಕೈ ಸಡಿಲವಾಗುತ್ತದೆ. ನೇಪಾಳದಲ್ಲಿ ಉದ್ಯಾನದ ಆದಾಯದ ಶೇ 30ರಿಂದ 50ರಷ್ಟನ್ನು ಅಂಚಿನ ಊರುಗಳ ಅಭಿವೃದ್ಧಿಗೆ ಕೊಡಲು ಕಾನೂನೇ ಇದೆ. ಸಾಗರಮಾಥಾ (ಎವರೆಸ್ಟ್) ಉದ್ಯಾನದ ಸುತ್ತಲಿನ ಊರುಗಳೂ ಈ ಏರ್ಪಾಡಿನೊಳಗೆ ಬರುತ್ತವೆ. ಅಲ್ಲಿ ಕಸದ ಸಮಸ್ಯೆ ತೀರಿಲ್ಲ ಎಂಬುದು ನಿಜ. ಆದರೆ ಉದ್ಯಾನ ಉಳಿದರೆ ಊರಿಗೂ ಪಾಲುಂಟು.

ಕುದುರೆಮುಖದಲ್ಲೂ ಶುಲ್ಕ ಏರಿಸುವುದು ಸರಿಯೆಂದೇ ತೋರುತ್ತದೆ, ಕೆಲವು ಷರತ್ತುಗಳೊಂದಿಗೆ. ದಿನದ ಮಿತಿ ಸಡಿಲವಾಗಬಾರದು: ಹೆಚ್ಚು ಕೊಟ್ಟವರ ಹೆಜ್ಜೆಯೂ ಹುಲ್ಲನ್ನು ಅಷ್ಟೇ ತುಳಿಯುತ್ತದೆ. ವಿದ್ಯಾರ್ಥಿಗಳಿಗೆ, ಸ್ಥಳೀಯರಿಗೆ ರಿಯಾಯಿತಿ ಇರಬೇಕು. ಸಂಗ್ರಹದ ನಿಗದಿತ ಪಾಲು ಕಾಲುದಾರಿಯ ದುರಸ್ತಿಗೆ, ಕಸ ಸಾಗಣೆಗೆ, ಮಾರ್ಗದರ್ಶಕರಾಗಿ ದುಡಿಯುವ ಊರಿನ ಯುವಕರ ತರಬೇತಿಗೆ ಮೀಸಲಾಗಬೇಕು. ಹಿಂದಿನ ವರ್ಷ ಬಂದದ್ದೆಷ್ಟು, ಯಾವ ಕೊರಕಲು ಮುಚ್ಚಿತು ಎಂಬ ಲೆಕ್ಕ ಬುಕಿಂಗ್ ಪುಟದಲ್ಲಿ, ಹಣ ಕಟ್ಟುವ ಮೊದಲೇ ನಮ್ಮ ಕಣ್ಣಿಗೆ ಬೀಳಬೇಕು.